ತಿಮಿಂಗಿಲ ಬಂದಾಗ ನಾನು ಬಾಗಿಲು ಹಿಡಿದಿದ್ದೆ

ಆ ಫೋಟೋ ಈಗಲೂ ನಿಮ್ಮ ದೊಡ್ಡಮ್ಮನ ವುಡ್‌ಲ್ಯಾಂಡ್ ಹಿಲ್ಸ್ ಮನೆಯ ಫ್ರಿಜ್ಜಿನ ಮೇಲೆ ಅಂಟಿಕೊಂಡಿದೆ. ದೋಣಿಯ ಮೂತಿಯಲ್ಲಿ ಎಲ್ಲರೂ ಬೆನ್ನು ತೋರಿಸಿ ನಿಂತಿದ್ದಾರೆ. ಕೈಗಳೆಲ್ಲ ಒಂದೇ ಕಡೆಗೆ ಚಾಚಿವೆ. ತಲೆಗಳ ನಡುವೆ ಒದ್ದೆ ಬಂಡೆಯಂತೆ ಕಪ್ಪಗೆ ಕಾಣುವುದು ತಿಮಿಂಗಿಲದ ಬೆನ್ನು. ಅದರಲ್ಲಿ ನಾನಿಲ್ಲ. ಸ್ಯಾನ್ ಡಿಯೇಗೋದಿಂದ ನೀವಿಬ್ಬರೂ ಬಂದಾಗಲೆಲ್ಲ ಅದನ್ನು ನೋಡಿ ನಗುತ್ತೀರಿ. "ಎಲ್ಲಾರೂ ವೇಲ್ ವಾಚಿಂಗ್, ಅಜ್ಜಿ ಮಾತ್ರ ಡೋರ್ ವಾಚಿಂಗ್" ಎಂದು ಚಿಕ್ಕವನು ಹೇಳಿದ್ದು ಈಗ ಮನೆಯವರೆಲ್ಲರ ಬಾಯಲ್ಲಿದೆ. ನಾನೂ ನಗುತ್ತೇನೆ. ಆದರೆ ನಡೆದದ್ದನ್ನು ಬಾಯಿಬಿಟ್ಟು ಹೇಳಲು ಹೋದರೆ ನನಗೆ ಮಾತು ಅರ್ಧಕ್ಕೆ ನಿಂತುಹೋಗುತ್ತದೆ, ಅದೂ ಇಂಥ ವಿಷಯವಾದರೆ. ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ನಿಮ್ಮ ಅಮ್ಮ ಓದಿ ಹೇಳುತ್ತಾಳೆ. ಮಧ್ಯೆ ಎಲ್ಲಾದರೂ ನಿಲ್ಲಿಸಿ "ಅಯ್ಯೋ ಅಮ್ಮಾ, ಇದನ್ನೆಲ್ಲ ಯಾಕೆ ಬರ್ದೆ" ಅಂದರೆ, ಮುಂದೆ ಓದು ಎಂದು ಹೇಳಿ.

ವೆಂಚುರಾದ ಬಂದರಿನಿಂದ ನೋಡಿದರೆ, ಮಂಜಿಲ್ಲದ ದಿನ, ನಾವು ಹೋಗಿಬಂದ ದ್ವೀಪಗಳು ದಡಕ್ಕೇ ಕಾಣುತ್ತವೆ. ಕಡಲಿನ ತಳದಲ್ಲಿ ಬೆಂಕಿ ಉಕ್ಕಿ, ಅದು ಆರಿ ಕಲ್ಲಾಗಿ ಎದ್ದು ನಿಂತವಂತೆ. ನಿಮ್ಮ ಅಕ್ಕ, ಅಂದರೆ ನನ್ನ ಹಿರಿಯ ಮಗಳ ಮಗಳು, ಎರಡನೇ ಕ್ಲಾಸಿನಿಂದಲೂ ಅಲ್ಲಿನ ನರಿಯ ಹುಚ್ಚು ಹಿಡಿಸಿಕೊಂಡಿದ್ದಳು. ಬೆಕ್ಕಿನಷ್ಟೇ ಎತ್ತರದ ನರಿ. ಆ ದ್ವೀಪಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಅದನ್ನು ನೋಡಲು ಸಣ್ಣ ದೋಣಿಯಲ್ಲಿ ಮೂರು ದಿನ ಹೋಗಿಬರುವ ಪ್ರವಾಸವನ್ನು ಅವಳಪ್ಪ ಅಮ್ಮ ಬುಕ್ ಮಾಡಿದ್ದರು. ಕೊರೋನಾ ಬಂತು, ರದ್ದಾಯಿತು. ಮತ್ತೆ ಬುಕ್ ಮಾಡಿದರು, ಮತ್ತೆ ರದ್ದಾಯಿತು. ಶಾಲೆಯೆಲ್ಲ ಕಂಪ್ಯೂಟರಿನಲ್ಲಿ ನಡೆಯುತ್ತಿದ್ದ ಆ ಕಾಲದಲ್ಲಿ ನಾನು ಅವರ ಮನೆಯಲ್ಲೇ ಇದ್ದೆ. ಅವಳು ಗೋಡೆಗೆ ಅಂಟಿಸಿದ್ದ ನರಿಯ ಚಿತ್ರ ನೋಡುತ್ತಾ ಕೂರುತ್ತಿದ್ದಳು. ನಾನು ಚಪಾತಿ ಲಟ್ಟಿಸುತ್ತಾ ಅವಳಿಗೆ ಮಗ್ಗಿ ಹೇಳಿಕೊಡುತ್ತಿದ್ದೆ. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ. ನಮ್ಮೂರ ಶಾಲೆಯಲ್ಲಿ ಸಂಜೆ ಮನೆಗೆ ಬಿಡುವ ಮೊದಲು ಮಕ್ಕಳೆಲ್ಲ ಸಾಲಾಗಿ ನಿಂತು ಮಗ್ಗಿ ಹೇಳಬೇಕಿತ್ತು, ಮುಂದೆ ನಿಂತು ಹೇಳಿಕೊಡುತ್ತಿದ್ದವಳು ನಾನು. ಬೇರೆ ಯಾವುದಕ್ಕೂ ಎತ್ತದ ದನಿ ಅದೊಂದಕ್ಕೆ ಏಳುತ್ತಿತ್ತು.

ಕಾರಿನ ಕನ್ನಡಿಗೆ ಮಾಸ್ಕು ಇನ್ನೂ ನೇತಾಡುತ್ತಿದ್ದ ವರ್ಷ, ಬೇಸಿಗೆಯಲ್ಲಿ, ಕೊನೆಗೂ ಹೊರಟೆವು. ಎಲ್ ಸೆಗುಂಡೋದ ಆಫೀಸಿನಲ್ಲಿ ಅಳಿಯಂದಿರಿಗೆ ರಜೆ ಸಿಗಲಿಲ್ಲ. ಅವರ ಜಾಗಕ್ಕೆ ನನ್ನನ್ನು ಹತ್ತಿಸಿದರು.

ದೋಣಿಯಲ್ಲಿ ಮಗಳು, ಮೊಮ್ಮಗಳು, ನಾನು, ಹಕ್ಕಿಗಳ ಫೋಟೋ ತೆಗೆಯುವ ಗಂಡ ಹೆಂಡತಿ, ಚಾಟ್ಸ್‌ವರ್ತ್‌ನಿಂದ ಒಬ್ಬಳೇ ಬಂದಿದ್ದ ಒಬ್ಬ ಎತ್ತರದ ಮುದುಕಿ. ಆಕೆಯ ಕೈಯಲ್ಲಿ ಊರುಗೋಲು. ದೋಣಿ ನಡೆಸುವವಳೂ ಹೆಂಗಸೇ. ಕ್ಯಾಪ್ಟನ್ ಎನ್ನುತ್ತಿದ್ದರು. ಬಿಸಿಲಿಗೆ ಸುಟ್ಟ ಮುಖ, ನೆರೆತ ಒಂಟಿ ಜಡೆ. ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ಹಾಕಿಸಿಕೊಂಡು ನಾನು ಬೆಂಚಿನ ಮೂಲೆಯಲ್ಲಿ ಕೂತೆ.

ಮೊದಲ ಪಾಠ ಕಡಲಿನದಲ್ಲ, ನರಿಯದೂ ಅಲ್ಲ, ಪಾಯಿಖಾನೆಯದು. ಇಡೀ ದೋಣಿಗೆ ಇದ್ದದ್ದು ಒಂದು. ಅದೂ ಎಲ್ಲರೂ ಕೂತು ಊಟ ಮಾಡುವ ಮೇಜಿನ ಪಕ್ಕದಲ್ಲೇ. ಬಾಗಿಲು ರಟ್ಟಿನಷ್ಟು ತೆಳ್ಳಗೆ. ಕ್ಯಾಪ್ಟನ್ ನಮ್ಮನ್ನೆಲ್ಲ ಅದರ ಮುಂದೆ ನಿಲ್ಲಿಸಿ, ಒಳಗಿನ ಹಿಡಿಯನ್ನು ಮೇಲೆ ಕೆಳಗೆ ಆಡಿಸಿ ತೋರಿಸಿದಳು. ಕೆಲಸ ಆದಮೇಲೆ ಹೀಗೆ ಪಂಪು ಹೊಡೆಯಬೇಕು, ಕಾಗದವನ್ನು ಬುಟ್ಟಿಗೆ ಹಾಕಬೇಕು. ನಮ್ಮೂರ ಬೋರಿಂಗಿನ ಹಾಗೆಯೇ ಅದು ಕಿರ್ರೋ ಎಂದಿತು. ಆಮೇಲೆ ಚಿಲಕ ತೋರಿಸಿದಳು. ಅಲೆ ಎದ್ದು ದೋಣಿ ವಾಲಿದರೆ ಚಿಲಕ ಜಾರಿ ಬಾಗಿಲು ತೆರೆದುಕೊಳ್ಳುತ್ತದೆ, ಕಾಲು ಕೊಟ್ಟು ಒತ್ತಿಕೊಂಡು ಕೂರಿ, ಇಲ್ಲವೇ ಹೊರಗೆ ಯಾರಿಗಾದರೂ ಹಿಡಿದುಕೊಳ್ಳಲು ಹೇಳಿ ಎಂದಳು. ಎಲ್ಲರೂ ನಕ್ಕರು. ನಾನು ಆ ಗಳಿಗೆಯಲ್ಲೇ ತೀರ್ಮಾನ ಮಾಡಿದೆ: ಈ ಬಾಗಿಲ ಕಡೆ ಹೋಗದೆ ಮೂರು ದಿನ ಕಳೆಯಬೇಕು. ಅದಕ್ಕೆ ಇರುವುದು ಒಂದೇ ದಾರಿ. ನೀರು ಕುಡಿಯಬಾರದು.

ಇದು ನನಗೆ ಹೊಸದಲ್ಲ, ಮಕ್ಕಳೇ. ಮದುವೆಗೋ ಸಂತೆಗೋ ಬಸ್ಸು ಹತ್ತುವ ದಿನ ನಮ್ಮಮ್ಮ ಬೆಳಗ್ಗೆ ಎದ್ದ ಕೂಡಲೇ ನೀರಿನ ಕೊಡಕ್ಕೆ ತಟ್ಟೆ ಮುಚ್ಚುತ್ತಿದ್ದಳು. ಹೆಂಗಸರು ದಾರಿಯಲ್ಲಿ ಎಲ್ಲಿ ಹೋಗಬೇಕು? ಆಗ ನಮ್ಮ ಕಡೆ ಮನೆಗಳಲ್ಲಿ ಕಕ್ಕಸು ಇರಲಿಲ್ಲ. ಬೆಳಕು ಹರಿಯುವ ಮೊದಲು ಬೀದಿಯ ಹೆಂಗಸರೆಲ್ಲ ಚೆಂಬು ಹಿಡಿದು ಕೆರೆ ಏರಿಯ ಹಿಂದೆ, ಕತ್ತಾಳೆ ಬೇಲಿಯ ಮರೆಗೆ ಹೋಗುತ್ತಿದ್ದೆವು. ಒಬ್ಬಳೇ ಯಾರೂ ಹೋಗುತ್ತಿರಲಿಲ್ಲ. ಒಬ್ಬಳು ಏರಿಯ ಮೇಲೆ ಕಾವಲು ನಿಲ್ಲಬೇಕು. ಗಾಡಿ ಬಂದರೆ, ಗಂಡಸರು ಬಂದರೆ ಕೆಮ್ಮಬೇಕು. ಒಳಗೆ ಹೋದವಳು ಹೊರಗೆ ಬರುವವರೆಗೆ ಕಾವಲಿನವಳು ಜಾಗ ಬಿಟ್ಟು ಕದಲುವ ಹಾಗಿಲ್ಲ. "ಹಾವು ಬಂದ್ರೂ ನಿಂತಲ್ಲೇ ಕಿರುಚ್ಕೋ, ಓಡ್ಬೇಡ ಕಣೇ" ಎನ್ನುತ್ತಿದ್ದಳು ನಮ್ಮ ಅತ್ತೆ.

ಮದುವೆಯಾದ ಮೇಲೆ ಈ ಕಾವಲಿಗೆ ನಿಮ್ಮ ತಾತ ಬಂದರು. ದೂರದ ಬಸ್ಸಿನಲ್ಲಿ ನಾನು ಸೆರಗಿನ ತುದಿ ತಿರುಚಲು ಶುರುಮಾಡಿದರೆ ಅವರಿಗೆ ತಿಳಿದುಬಿಡುತ್ತಿತ್ತು. ನನ್ನನ್ನು ಏನೂ ಕೇಳುತ್ತಿರಲಿಲ್ಲ. ಎದ್ದು ಹೋಗಿ ಕಂಡಕ್ಟರಿಗೆ, "ಸ್ವಲ್ಪ ನಿಲ್ಸಪ್ಪಾ, ನಂಗೆ ಸಕ್ಕರೆ ಕಾಯಿಲೆ, ತಡ್ಕೊಳಕ್ಕಾಗಲ್ಲ" ಎನ್ನುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಇರಲೇ ಇಲ್ಲ. ಬಸ್ಸಿನವರೆಲ್ಲ ಅವರನ್ನು ನೋಡಿ ಗೊಣಗುವಾಗ ನಾನು ತಲೆ ತಗ್ಗಿಸಿ ಇಳಿದು ಹೋಗಿಬರುತ್ತಿದ್ದೆ. ಅವರು ಹೋದಮೇಲೆ ಯಾವ ಪ್ರಯಾಣದಲ್ಲೂ ನನಗೆ ನೆಮ್ಮದಿಯಿಂದ ಕೂರಲು ಆಗಿಲ್ಲ.

ದೋಣಿಯಲ್ಲೂ ಹಾಗೆಯೇ ಆಯಿತು. ನನ್ನ ಮಗಳು ಬಂದರು ದಾಟುತ್ತಲೇ ವಾಂತಿ ಮಾಡಿಕೊಂಡು ಕೆಳಗಿನ ಹಾಸಿಗೆ ಹಿಡಿದಳು. ಡಾಲ್ಫಿನ್ನುಗಳು ಹಿಂಡು ಹಿಂಡಾಗಿ ಬಂದು ದೋಣಿಯ ಜೊತೆ ಓಡಿದವು. ಮೊಮ್ಮಗಳು "ಅಜ್ಜಿ, ಲುಕ್! ಲುಕ್!" ಎಂದು ನನ್ನ ತೋಳು ಎಳೆಯುತ್ತಿದ್ದಳು. ನಾನು ನೋಡುತ್ತಿದ್ದೆ, ಮತ್ತೆ ಬಾಗಿಲ ಕಡೆ ತಿರುಗುತ್ತಿದ್ದೆ. ಈಗ ಯಾರು ಒಳಗೆ ಹೋದರು, ಯಾರು ಬಂದರು, ಈಗ ಮೇಜಿನ ಹತ್ತಿರ ಯಾರೂ ಇಲ್ಲವೇ. ಈ ಕಡೆ ಕೂತೆ, ಎದ್ದೆ, ಆ ಕಡೆ ಕೂತೆ. ಫೋಟೋ ತೆಗೆಯುವವನು ಎರಡು ಸಲ ಜಾಗ ಬಿಟ್ಟುಕೊಟ್ಟ, ನನಗೆ ಹಕ್ಕಿ ಕಾಣುತ್ತಿಲ್ಲವೇನೋ ಎಂದುಕೊಂಡು.

ಮೊದಲ ದ್ವೀಪ ಅನಕಾಪಾ. ಬಂಡೆಗೆ ಆನಿಸಿದ ಕಬ್ಬಿಣದ ಏಣಿ ಹತ್ತಿ ಮೇಲೆ ಹೋಗಬೇಕು. ಮೇಲೆ ಕಕ್ಕಸು ಇದೆ ಎಂದು ಮೊಮ್ಮಗಳು ಬೋರ್ಡು ಓದಿ ಹೇಳಿದಾಗ ಆಸೆಯಾಯಿತು. ಆದರೆ ಏಳುತ್ತ ಬೀಳುತ್ತ ಇದ್ದ ದೋಣಿಯಿಂದ ಸೀರೆ ಎತ್ತಿ ಕಟ್ಟಿಕೊಂಡು ಆ ಏಣಿಗೆ ಕಾಲಿಡುವ ಧೈರ್ಯ ಬರಲಿಲ್ಲ. ಹತ್ತಬಲ್ಲವರೆಲ್ಲ ಹತ್ತಿದರು. ಮಲಗಿದ್ದ ಮಗಳು, ಊರುಗೋಲಿನ ಮುದುಕಿ, ಕ್ಯಾಪ್ಟನ್ ಜೊತೆ ನಾನೂ ಕೆಳಗೆ ಉಳಿದೆ. ಕಡಲಹಕ್ಕಿಗಳ ಹಿಕ್ಕೆಯ ನಾತ ಗಾಳಿಯಲ್ಲಿ ತೇಲಿ ಬರುತ್ತಿತ್ತು. ಅಲ್ಲೇ ಬಂಡೆಯ ಮೇಲೆ ಕಡಲಸಿಂಹಗಳು, ಉಂಡು ಉರುಳಿದ ಮದುವೆ ಮನೆಯ ನೆಂಟರಂತೆ, ಒಂದರ ಮೇಲೊಂದು ಬಿದ್ದುಕೊಂಡು ಜಗಳವಾಡುತ್ತಿದ್ದವು. ಅವಕ್ಕೇನು, ಎಲ್ಲಿ ಬೇಕೋ ಅಲ್ಲಿ!

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಸಲ ಹೋಗಿಬಂದೆ. ಪಂಪು ಹೊಡೆದಾಗ ಯಾರೋ ಮಗ್ಗುಲು ಬದಲಾಯಿಸಿ ಕೆಮ್ಮಿದರು. ಅಷ್ಟೇ. ನಾಚಿಕೆಯಿಂದ ಬೆವೆತುಹೋದೆ. ಅಲ್ಲಿಂದ ಮುಂದೆ ಒಂದು ಗುಟುಕೂ ಇಳಿಸಲಿಲ್ಲ.

ಮರುದಿನ ಸಾಂತಾ ಕ್ರೂಜ್ ದ್ವೀಪದ ಪಕ್ಕದಲ್ಲೇ ದೋಣಿ ಸಾಗಿತು. ಮಧ್ಯಾಹ್ನ ಅಲ್ಲಿ ಇಳಿಯುವುದು, ನರಿ ಇರುವುದು ಅಲ್ಲೇ. ಅಲೆ ಜೋರಾಗಿದೆ, ಸ್ವಲ್ಪ ಕಾಯೋಣ ಎಂದು ಕ್ಯಾಪ್ಟನ್ ಹೊತ್ತು ಮುಂದೂಡುತ್ತಿದ್ದಳು. ಬಿಸಿಲು ಏರಿತು. ನೆತ್ತಿ ಸಿಡಿಯುತ್ತಿತ್ತು, ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಊಟಕ್ಕೆ ಕೊಟ್ಟ ಬ್ರೆಡ್ಡನ್ನು ಕರವಸ್ತ್ರದಲ್ಲಿ ಸುತ್ತಿಟ್ಟೆ. "ಅಜ್ಜಿ, ಲುಕ್ ಅಟ್ ದಟ್ ಕೇವ್" ಎಂದು ಮೊಮ್ಮಗಳು ಕರೆದಳು. ಬಂಡೆಯಲ್ಲಿ ಬಾಯಿ ತೆರೆದಂತೆ ಒಂದು ಗವಿ ಕಂಡಿತು. ಏಳಲು ಹೋದೆ. ಗವಿಯ ಕತ್ತಲೆ ಹಾಗೇ ಹರಡಿ ಆಕಾಶಕ್ಕೂ ಬಂತು. ಕಣ್ಣು ಬಿಟ್ಟಾಗ ನಾನು ಹಲಗೆಯ ಮೇಲೆ ಮಲಗಿದ್ದೆ, ಕ್ಯಾಪ್ಟನ್ ನನ್ನ ಮಣಿಕಟ್ಟು ಒತ್ತಿ ಹಿಡಿದಿದ್ದಳು.

"ಅಜ್ಜಿ, ಎದೆ ನೋವಾ?" ಎಂದಳು ಮೊಮ್ಮಗಳು. ಅವಳ ಬಾಯಲ್ಲಿ ಕನ್ನಡ ಬಂದದ್ದು ನೋಡಿಯೇ ಅವಳು ಎಷ್ಟು ಹೆದರಿದ್ದಾಳೆಂದು ತಿಳಿಯಿತು. ಇಲ್ಲವೆಂದು ತಲೆ ಆಡಿಸಿದೆ. ಕ್ಯಾಪ್ಟನ್ ಬೇಗಬೇಗ ಏನೋ ಹೇಳಿದಳು. ಹಾರ್ಟ್ ಎಂಬುದು ನನಗೆ ತಿಳಿಯಿತು. ಬ್ಯಾಕ್ ಟು ವೆಂಚುರಾ ಎಂಬುದೂ ತಿಳಿಯಿತು. ಮೊಮ್ಮಗಳು ದ್ವೀಪದ ಕಡೆ ಒಂದು ಸಲ ನೋಡಿದಳು. ಅಲ್ಲಿ ಕಲ್ಲಿನ ದಡ, ಅದರ ಹಿಂದೆ ಒಣಹುಲ್ಲಿನ ಗುಡ್ಡ, ಕೂಗಿದರೆ ಕೇಳುವಷ್ಟು ಹತ್ತಿರ. ಆಮೇಲೆ ಕ್ಯಾಪ್ಟನ್ ಕಡೆ ತಿರುಗಿ, "ಓಕೆ. ಲೆಟ್ಸ್ ಗೋ ಬ್ಯಾಕ್" ಎಂದಳು.

ಅವಳು ಅತ್ತಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಅಳಲಿಲ್ಲ. ನನ್ನ ಕಾಲಿನ ಶೂ ಬಿಚ್ಚಲು ಕೂತಳು.

"ಹಿಂದಕ್ಕೆ ಬೇಡ ಅಂತ ಹೇಳು," ಎಂದೆ. "ಎದೆ ಅಲ್ಲ. ನೀರು ಕುಡ್ದಿಲ್ಲ, ಅದಕ್ಕೆ."

"ವಾಟರ್? ವೈ ನಾಟ್?"

"ಕುಡಿದ್ರೆ ಹೋಗ್ಬೇಕಲ್ಲ ಮಗಾ."

ಗಲ್ಲ ಎತ್ತಿ ಆ ಬಾಗಿಲು ತೋರಿಸಿದೆ. "ಒಂದಕ್ಕೆ."

ಅವಳು ಬಾಗಿಲನ್ನು ನೋಡಿದಳು, ನನ್ನನ್ನು ನೋಡಿದಳು. ನಿನ್ನೆಯಿಂದ ನಾನು ಎದ್ದದ್ದು, ಕೂತದ್ದು, ಏಣಿ ಹತ್ತದೆ ಉಳಿದದ್ದು ಎಲ್ಲ ಅವಳಿಗೆ ಒಂದೇ ಸಲ ಅರ್ಥವಾಗಿರಬೇಕು. ಎದ್ದು ನಿಂತು, ಕ್ಲಾಸಿನಲ್ಲಿ ಪಾಠ ಒಪ್ಪಿಸುವ ಹಾಗೆ, ಎಲ್ಲರ ಎದುರೂ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿಬಿಟ್ಟಳು. ನಾನು ಸೆರಗು ಮುಖಕ್ಕೆ ಎಳೆದುಕೊಂಡೆ.

ಆಗ ಊರುಗೋಲು ಹಲಗೆಗೆ ಕುಟ್ಟಿದ ಸದ್ದು. ಎತ್ತರದ ಮುದುಕಿ ಮಾತಾಡುತ್ತಿದ್ದಳು. ಮೊಮ್ಮಗಳು ನನ್ನ ಕಿವಿಯ ಹತ್ತಿರ ಬಾಗಿ, ಸಿಕ್ಕಿದ ಕನ್ನಡದಲ್ಲಿ ಹೇಳಿದಳು: "ಅಜ್ಜಿ, ಅವರೂನೂ ಕುಡ್ದಿಲ್ವಂತೆ. ಯಸ್ಟರ್ಡೇಯಿಂದ. ಹಾಫ್ ಕಪ್ ಕಾಫಿ ಅಷ್ಟೇ. ಆ ಡೋರ್ ಅಂದ್ರೆ ಅವರಿಗೂ ಭಯ ಅಂತೆ."

ಸೆರಗಿನ ಸಂದಿಯಿಂದ ನೋಡಿದೆ. ಮುದುಕಿ ನನ್ನನ್ನೇ ನೋಡಿ ತಲೆದೂಗಿದಳು. ಅದು ನಿಜವೋ, ಇಲ್ಲ ನಿಮ್ಮ ತಾತನ ಸಕ್ಕರೆ ಕಾಯಿಲೆಯಂಥದ್ದೋ ಎಂದು ಒಂದು ಕ್ಷಣ ಅನ್ನಿಸಿತು. ಕ್ಯಾಪ್ಟನ್ ಮಾತ್ರ ತಲೆಯ ಮೇಲೆ ಕೈಯಿಟ್ಟುಕೊಂಡು, ದೋಣಿಗೆ ಒಂಟೆಗಳನ್ನು ಹತ್ತಿಸಿಕೊಂಡಿದ್ದೇನೆಂದು ನನಗೆ ಯಾರೂ ಹೇಳಲಿಲ್ಲವಲ್ಲ ಎಂದಳಂತೆ. ಕೆಳಗಿನಿಂದ ನನ್ನ ಮಗಳ ದನಿಯೂ ಬಂತು, ವಾಂತಿಯ ನಡುವೆಯೇ: "ಅಮ್ಮಾ! ನಿಂಗೇನು ಬುದ್ಧಿ ಇದ್ಯಾ?"

ಕ್ಯಾಪ್ಟನ್ ಒಂದು ಷರತ್ತು ಹಾಕಿದಳು. ನಾನು ನೆರಳಲ್ಲಿ ಕೂತು ಒಂದು ಬಾಟಲಿ ನೀರು ಪೂರಾ ಕುಡಿಯಬೇಕು. ಅಲೆ ಇಳಿಯುವ ಹೊತ್ತಿಗೆ ಮುಖಕ್ಕೆ ಕಳೆ ಬಂದು, ನೆಟ್ಟಗೆ ಎದ್ದು ನಿಂತರೆ ದ್ವೀಪ. ಇಲ್ಲದಿದ್ದರೆ ವೆಂಚುರಾ, ಅಲ್ಲಿಂದ ಆಸ್ಪತ್ರೆ. ನಾನು ಕೇಳಿ ನಿಂಬೆಹಣ್ಣು, ಉಪ್ಪು, ಸಕ್ಕರೆ ಹಾಕಿಸಿಕೊಂಡೆ. ಬಾಟಲಿ ಖಾಲಿ ಮಾಡಿದೆ. ಇನ್ನೊಂದು ಅರ್ಧವನ್ನೂ ಕುಡಿದೆ. ಜೀವ ಬಂತು. ಸ್ವಲ್ಪ ಹೊತ್ತಿಗೆ, ಬರಬೇಕಾದದ್ದೂ ಬಂತು. ಸೆರಗಿನ ತುದಿ ತಿರುಚತೊಡಗಿದೆ.

ಮೊಮ್ಮಗಳು ನೋಡಿದಳು. "ಬನ್ನಿ ಅಜ್ಜಿ. ನಾನ್ ಹಿಡ್ಕೋತೀನಿ."

ಒಳಗೆ ಹೋದೆ. ಅವಳು ಹೊರಗಿನಿಂದ ಬಾಗಿಲ ಹಿಡಿ ಎಳೆದು ನಿಂತಳು. ಮೇಜಿನ ಹತ್ತಿರ ತಟ್ಟೆಗಳ ಸದ್ದು, ಮಾತು, ನಗು ಎಲ್ಲವೂ ಕಿವಿಯ ಪಕ್ಕದಲ್ಲೇ ಇದ್ದ ಹಾಗೆ ಕೇಳಿಸುತ್ತಿತ್ತು. ಅಂದಮೇಲೆ ನನ್ನದೂ ಅವರಿಗೆ ಕೇಳಿಸದೆ ಇರುತ್ತದೆಯೇ! ಸುಮ್ಮನೆ ಕೂತೆ. ಆಗ ಬಾಗಿಲಾಚೆ ಶುರುವಾಯಿತು ನೋಡಿ, ಗಂಟಲು ಹರಿಯುವಷ್ಟು ಜೋರಾಗಿ:

"ಎರಡೊಂದ್ಲ ಎರಡು! ಎರಡೆರಡ್ಲ ನಾಲ್ಕು!"

ಮಗ್ಗಿ. ಅವಳಿಗೆ ಕನ್ನಡದಲ್ಲಿ ತಡವರಿಸದೆ ಹೇಳಲು ಬರುತ್ತಿದ್ದದ್ದು ಅದೊಂದೇ. ಎರಡು ಮುಗಿಯಿತು, ಮೂರು ಮುಗಿಯಿತು. ಅವಳ ದನಿಯಲ್ಲಿ ಎಂಜಿನ್ನಿನ ಸದ್ದೂ ಅಡಗಿಹೋಯಿತು. ನನ್ನ ಮೈ ಸಡಿಲಾಯಿತು. ನಾನು ಪಂಪು ಹೊಡೆಯುವ ಹೊತ್ತಿಗೆ ಅವಳು ಏಳಕ್ಕೆ ಬಂದಿದ್ದಳು. "ಏಳೇಳ್ಲ ನಲವತ್ತೊಂಬತ್ತು! ಏಳೆಂಟ್ಲ ಐವತ್ನಾಲ್ಕು!"

"ಐವತ್ತಾರು!" ಎಂದು ನಾನು ಒಳಗಿನಿಂದ ಕೂಗಿದೆ.

ತಡೆಯಲು ಆಗಲಿಲ್ಲ. ತಪ್ಪು ಮಗ್ಗಿ ಕೇಳಿ ಸುಮ್ಮನಿದ್ದವಳಲ್ಲ ನಾನು. ಹೊರಗೆ ದೊಡ್ಡ ನಗು ಎದ್ದಿತು. ಬಾಗಿಲು ತೆಗೆದಾಗ ಮೇಜಿನ ಸುತ್ತ ಇದ್ದವರೆಲ್ಲ ನನ್ನ ಕಡೆ ತಿರುಗಿದ್ದರು. ಭೂಮಿ ಬಾಯಿಬಿಡಬಾರದೇ ಅನ್ನಿಸಲಿಲ್ಲ. ಭೂಮಿಯೇನೋ ಅಲ್ಲಿ ಇರಲೂ ಇಲ್ಲ. ಮುದುಕಿ ಮೊಮ್ಮಗಳನ್ನು ಕೇಳುತ್ತಿದ್ದಳು, ಅದೇನು ನಿಮ್ಮ ಮಂತ್ರವೇ ಎಂದು. "ನೋ, ಇಟ್ಸ್ ಮ್ಯಾತ್," ಎಂದಳು ಇವಳು.

ಅಲೆ ಇಳಿಯಿತು. ಕ್ಯಾಪ್ಟನ್ ನನ್ನನ್ನು ಎಬ್ಬಿಸಿ ನಿಲ್ಲಿಸಿದಳು, ಆ ಕೊನೆಗೊಂದು ಸಲ ಈ ಕೊನೆಗೊಂದು ಸಲ ನಡೆಸಿದಳು, ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಮೊಮ್ಮಗಳು ಉಸಿರು ಬಿಗಿಹಿಡಿದು ನಿಂತಿದ್ದಳು. ಕ್ಯಾಪ್ಟನ್ ದ್ವೀಪದ ಕಡೆಗೆ ಕೈ ತೋರಿಸಿದಳು.

ನರಿ ಸಿಕ್ಕಿತು. ಅದನ್ನು ಹುಡುಕಬೇಕಾಗಲೂ ಇಲ್ಲ. ದಡದ ಮೇಲಿನ ಮರದ ಮೇಜುಗಳ ಕೆಳಗೆ, ತನ್ನದೇ ಮನೆಯೆಂಬಂತೆ, ನೆಲ ಮೂಸುತ್ತ ಬಂತು. ಬೂದು ಬೆನ್ನು, ಕೆಂಗಂದು ಕಿವಿ, ಸಣ್ಣ ಕಾಲು. ಏನೂ ತಿನ್ನಲು ಕೊಡಬಾರದೆಂದು ಮೊದಲೇ ಹೇಳಿದ್ದರು. ನಾನು ಕರವಸ್ತ್ರದ ಬ್ರೆಡ್ಡನ್ನು ಬಿಗಿಯಾಗಿ ಮುಷ್ಟಿಯಲ್ಲಿ ಹಿಡಿದೆ. ಅದು ನನ್ನ ಸೀರೆಯ ಅಂಚನ್ನು ಮೂಸಿ, ಇದರಲ್ಲೇನೂ ಇಲ್ಲ ಎಂಬಂತೆ ಮುಂದೆ ಹೋಯಿತು. ಮೊಮ್ಮಗಳು ಫೋಟೋ ತೆಗೆಯಲಿಲ್ಲ. ಎರಡೂ ಕೈಗಳನ್ನು ತೊಡೆಯ ಸಂದಿಗೆ ಸಿಕ್ಕಿಸಿಕೊಂಡು, ಅದು ಹುಲ್ಲಿನಲ್ಲಿ ಮರೆಯಾಗುವವರೆಗೂ ಮಿಸುಕದೆ ಕೂತಿದ್ದಳು.

ಆಮೇಲೆ ಪ್ರಯಾಣ ಸಲೀಸಾಯಿತು ಎಂದರೆ ಸುಳ್ಳಾಗುತ್ತದೆ. ಮನಸ್ಸು ಒಂದು ದಿನಕ್ಕೆ ಬದಲಾಗುವುದಿಲ್ಲ. ನೀರಿನ ಬಾಟಲಿ ತೆರೆಯುವಾಗಲೆಲ್ಲ ಕೈ ಹಿಂಜರಿಯುತ್ತಿತ್ತು. ಆದರೂ ಕುಡಿದೆ, ಹೋದೆ. ಪ್ರತಿ ಸಲವೂ ಮೊಮ್ಮಗಳು ನಿಂತಳು. ಕೊನೆಯ ದಿನದ ಹೊತ್ತಿಗೆ ಹಕ್ಕಿ ಫೋಟೋದವನೂ "ಎರಡೆರಡ್ಲ ನಾಲ್ಕು" ಎನ್ನುತ್ತಿದ್ದ.

ಆ ಕೊನೆಯ ದಿನ, ದೋಣಿ ವೆಂಚುರಾದ ಕಡೆ ತಿರುಗಿದ ಮೇಲೆ, ಎತ್ತರದ ಮುದುಕಿ ಊರುಗೋಲು ಊರುತ್ತ ನನ್ನ ಹತ್ತಿರ ಬಂದಳು. ಮೊಮ್ಮಗಳನ್ನು ಕರೆಯಲಿಲ್ಲ. ಬಾಗಿಲು ತೋರಿಸಿದಳು, ಹಿಡಿಯನ್ನು ತೋರಿಸಿದಳು, ನನ್ನನ್ನು ತೋರಿಸಿದಳು. ಎದ್ದೆ. ಆಕೆ ಒಳಗೆ ಹೋದಳು, ನಾನು ಎರಡೂ ಕೈಯಲ್ಲಿ ಹಿಡಿಯನ್ನು ಹಿಡಿದೆ. ಅಲೆಗೆ ದೋಣಿ ವಾಲಿದಾಗಲೆಲ್ಲ ಬಾಗಿಲು ಒಳಕ್ಕೆ ಜಗ್ಗುತ್ತಿತ್ತು. ಆಕೆಗೆ ಮಂಡಿ ಮಡಚಲು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ತಡವಾಗುತ್ತದೆ. ಸಣ್ಣ ಮಗ್ಗಿ ಸಾಲದು ಎಂದು ಹದಿನೇಳು ಶುರುಮಾಡಿದೆ. ಮೊದಲು ಮೆಲ್ಲಗೆ, ಆಮೇಲೆ ಶಾಲೆಯ ದನಿಯಲ್ಲಿ.

"ಹದಿನೇಳ್ ಮೂರ್ಲ ಐವತ್ತೊಂದು" ಎನ್ನುವಾಗ ಮೂತಿಯ ಕಡೆಯಿಂದ ಕೂಗು ಕೇಳಿತು. ಕ್ಯಾಪ್ಟನ್ ಎಂಜಿನ್ ನಿಲ್ಲಿಸಿದಳು. ಮೂರು ದಿನದಿಂದ ಮಲಗಿದ್ದ ನನ್ನ ಮಗಳೂ ಎದ್ದು ನನ್ನ ಪಕ್ಕದಿಂದಲೇ ಓಡಿದಳು. "ಅಮ್ಮಾ, ಬಾ ಬೇಗ!" ಮೊಮ್ಮಗಳು ಮೇಲಿನಿಂದ ಬಗ್ಗಿ ಕೂಗಿದಳು, "ಅಜ್ಜೀ! ವೇಲ್! ಬನ್ನಿ, ಬನ್ನಿ, ಹೋಗ್ಬಿಡತ್ತೆ!"

ಎಂಜಿನ್ ನಿಂತಿದ್ದರಿಂದ ಒಳಗಿನ ಸದ್ದೆಲ್ಲ ಹೊರಗೆ ಕೇಳುವಂತಿತ್ತು. ಆಕೆ ಒಳಗಿನಿಂದ ಗಾಬರಿಯಲ್ಲಿ ಏನೋ ಕೇಳಿದಳು. ನಾನು ಹಿಡಿ ಬಿಡಲಿಲ್ಲ. ದನಿ ಏರಿಸಿದೆ.

"ಹದಿನೇಳ್ ನಾಲ್ಕ್ಲ ಅರವತ್ತೆಂಟು! ಹದಿನೇಳ್ ಐದ್ಲ ಎಂಬತ್ತೈದು!"

ಆಗ ನನ್ನ ಬೆನ್ನ ಹಿಂದೆ ಅದು ಉಸಿರು ಬಿಟ್ಟಿತು. ಕೊಟ್ಟಿಗೆಯಲ್ಲಿ ಎಮ್ಮೆ ನಿಟ್ಟುಸಿರು ಬಿಡುತ್ತದಲ್ಲ, ಹಾಗೆ. ಆದರೆ ಆ ಎಮ್ಮೆ ಊರಿನಷ್ಟು ದೊಡ್ಡದಿರಬೇಕು. ಸ್ವಲ್ಪ ಹೊತ್ತಿಗೆ ಕೊಳೆತ ಮೀನಿನ ನಾತ ಹೊತ್ತ ಗಾಳಿ ಒಳಗೆಲ್ಲ ತುಂಬಿತು, ನನ್ನ ಕತ್ತಿನ ಮೇಲೆ ಸಣ್ಣ ಹನಿಗಳು ಬಿದ್ದವು. ಮೂತಿಯಲ್ಲಿ ನಿಂತವರಿಗೆ ಅದು ಕಂಡಿತು, ನನಗೆ ಕೇಳಿಸಿತು. ತಿರುಗಿ ನೋಡಬೇಕೆಂದು ಕತ್ತು ಎಳೆಯುತ್ತಿತ್ತು. ತಿರುಗಿದರೆ ಹಿಡಿ ಸಡಿಲವಾಗುತ್ತದೆ. ಹದಿನೇಳ್ ಹತ್ಲ ಮುಗಿಸಿ ಮತ್ತೆ ಮೊದಲಿಂದ ಹಿಡಿದೆ.

ಆಕೆ ಹೊರಗೆ ಬಂದಾಗ ಜನ ಆಗಲೇ ಕೆಳಗಿಳಿದು ಬರುತ್ತಿದ್ದರು. ಏನಾಯಿತು ಎಂದು ಕಣ್ಣಲ್ಲೇ ಕೇಳಿದಳು. ನನಗೆ ಬರುವ ಇಂಗ್ಲಿಷಿನಲ್ಲಿ, "ಬಿಗ್ ಫಿಶ್. ಗಾನ್," ಎಂದೆ. ಆಕೆ ಕಡಲನ್ನು ನೋಡಿದಳು, ನನ್ನ ಕೈಗಳನ್ನು ನೋಡಿದಳು. ಹಿಡಿಯ ಗುರುತು ಅಂಗೈಯಲ್ಲಿ ಕೆಂಪಗೆ ಮೂಡಿತ್ತು. ಊರುಗೋಲನ್ನು ಗೋಡೆಗೆ ಒರಗಿಸಿ, ನನ್ನನ್ನು ಪಕ್ಕಕ್ಕೆ ಸರಿಸಿ, ತಾನೇ ಹಿಡಿಯನ್ನು ಹಿಡಿದು ನಿಂತಳು. ಗಲ್ಲ ಎತ್ತಿ ಒಳಗೆ ತೋರಿಸಿದಳು.

ನಿಜ ಹೇಳಬೇಕೆಂದರೆ ನನಗೆ ಹೋಗಬೇಕಾಗಿರಲಿಲ್ಲ. ಆದರೂ ಹೋದೆ. ಬಾಗಿಲು ಮುಚ್ಚಿತು. ಹೊರಗೆ ಆಕೆ ಗಂಟಲು ಸರಿಮಾಡಿಕೊಂಡು, ತನ್ನ ಭಾಷೆಯಲ್ಲಿ, ಎರಡರ ಮಗ್ಗಿ ಶುರುಮಾಡಿದಳು.